ಏಣಿ ಎತ್ತಿದವಳು

ನೀರು ಸರಬರಾಜು ಕಚೇರಿಯ ಮೂರನೇ ವಿಭಾಗದಲ್ಲಿ ಅವಳನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಅವಳಿಗಿಂತ ಹತ್ತು ವರ್ಷ ದೊಡ್ಡವನಾದ ಪಂಪ್ ಆಪರೇಟರ್ ಕೂಡ ಅಕ್ಕ ಅನ್ನುತ್ತಿದ್ದ. ಇಪ್ಪತ್ತೆರಡು ವರ್ಷದ ನೌಕರಿ. ಮೊದಲು ಬಿಲ್ ಹಂಚಿದಳು, ಆಮೇಲೆ ದೂರು ಪುಸ್ತಕ ಬರೆದಳು, ಕೊನೆಗೆ ಮೇಲ್ವಿಚಾರಕಿಯಾದಳು. ಮೇಲ್ವಿಚಾರಕಿ ಎಂದರೆ ಫ್ಯಾನಿನ ಕೆಳಗೆ ಕೂರುವ ಕೆಲಸವೇನಲ್ಲ. ಎಲ್ಲಿ ಪೈಪು ಒಡೆಯಿತೋ, ಎಲ್ಲಿ ನಲ್ಲಿಯಲ್ಲಿ ಕೆಸರು ಬಂತೋ ಅಲ್ಲಿಗೆ ಜೀಪಿನಲ್ಲಿ ಹೋಗಬೇಕು, ಬೀದಿಯವರ ಬೈಗುಳ ತಿನ್ನಬೇಕು, ಫಿಟ್ಟರುಗಳಿಂದ ಕೆಲಸ ಮಾಡಿಸಿ ಸಹಿ ಹಾಕಿ ಬರಬೇಕು. ಸಂಜೆ ಮನೆಗೆ ಬಂದು ಚಪ್ಪಲಿ ಬಿಡಲು ಬಗ್ಗಿದರೆ ಮತ್ತೆ ಏಳುವುದಕ್ಕೆ ಗೋಡೆ ಹಿಡಿಯಬೇಕಿತ್ತು.

ಮನೆಯ ಮುಂದಿನ ಕೋಣೆಯೇ ಗಂಡನ ದರ್ಜಿ ಅಂಗಡಿ. ಹಿಂದಿನ ಕೋಣೆಯ ಕಿಟಕಿಯ ಪಕ್ಕ ಅತ್ತೆಯ ಮಂಚ. ಅತ್ತೆಗೆ ಎಂಬತ್ತು ದಾಟಿತ್ತು, ಕಿವಿ ಮಂದ, ನಾಲಿಗೆ ಮಾತ್ರ ಹರಿತ. ನಲವತ್ತೇಳು ವರ್ಷದ ಸೊಸೆಯನ್ನು ಈಗಲೂ "ಏ ಹುಡುಗೀ" ಎಂದೇ ಕೂಗುತ್ತಿದ್ದಳು. "ಊರಿಗೆಲ್ಲ ನೀರು ಕೊಡ್ತಾಳೆ, ನನಗೊಂದು ಲೋಟ ನೀರು ಬೇಕಂದ್ರೆ ಮೂರು ಸಲ ಕೂಗಬೇಕು" ಎನ್ನುವುದು ಅವಳ ದಿನನಿತ್ಯದ ಪಾಠ.

ಒಂದು ದಿನ ವಿಭಾಗದ ಎಂಜಿನಿಯರ್ ಕರೆದು ಒಂದು ಸುತ್ತೋಲೆ ತೋರಿಸಿದರು. ತುರ್ತು ಸಂದರ್ಭವನ್ನು ನಿಭಾಯಿಸುವ ತರಬೇತಿ. ಮೂರು ದಿನ. ಅಗ್ನಿಶಾಮಕದವರು, ಪೊಲೀಸರು, ಆಂಬುಲೆನ್ಸಿನವರು, ಕರೆಂಟಿನವರು, ನೀರಿನವರು, ಒಂದೊಂದು ಕಚೇರಿಯಿಂದ ಒಬ್ಬೊಬ್ಬರು ಹೋಗಬೇಕು. ಉಳಿದವರೆಲ್ಲ ಏನಾದರೊಂದು ನೆಪ ಹೇಳಿ ಜಾರಿಕೊಂಡಿದ್ದರು.

"ನಿಮ್ಮ ಹೆಸರು ಬರೆದಿದ್ದೀನಿ ಅಕ್ಕ. ಮೂರು ದಿನ ಕೂತ್ಕೊಂಡು ಬನ್ನಿ."

"ಕೂತ್ಕೊಂಡು ಬರೋದಾದ್ರೆ ಆರು ದಿನ ಬೇಕಾದ್ರೂ ಹೋಗ್ತೀನಿ ಸಾರ್" ಎಂದಳು ಅವಳು. ತಮಾಷೆಗೆ ಹೇಳಿದ್ದಲ್ಲ. ಅವಳ ಊದಿದ ಪಾದಗಳಿಗೆ ಆ ಮೂರು ದಿನ ನಿಜವಾಗಿಯೂ ಬೇಕಾಗಿತ್ತು.

ತರಬೇತಿ ನಡೆದದ್ದು ಅಗ್ನಿಶಾಮಕ ಠಾಣೆಯ ಮಹಡಿಯಲ್ಲಿ. ಕಬ್ಬಿಣದ ಮಡಚುವ ಕುರ್ಚಿಗಳು, ಡೀಸೆಲ್ ವಾಸನೆ. ಕೆಳಗೆ ಗಾಡಿ ಸ್ಟಾರ್ಟ್ ಆದರೆ ಕಿಟಕಿಯ ಗಾಜೆಲ್ಲ ಗಡಗಡ ಅನ್ನುತ್ತಿತ್ತು. ಪಾಠ ಹೇಳುತ್ತಿದ್ದವರು ಠಾಣೆಯ ಹಳೆಯ ಅಧಿಕಾರಿ. ಹೊಗೆ ಕುಡಿದು ಕುಡಿದು ಎದೆ ಹಾಳಾಗಿ, ಬೆಂಕಿಯ ಹತ್ತಿರ ಹೋಗಬಾರದೆಂದು ವೈದ್ಯರು ಹೇಳಿದ ಮೇಲೆ ಪಾಠಕ್ಕೆ ಹಾಕಿದ್ದರು. ನಾಲ್ಕು ಮಾತಿಗೊಮ್ಮೆ ಕೆಮ್ಮು. ಹಿಂದಿನ ಸಾಲಿನವರು ಮೊದಲ ಗಂಟೆಯಲ್ಲೇ ಅವರಿಗೆ ಕೆಮ್ಮು ಮೇಷ್ಟ್ರು ಎಂದು ಹೆಸರಿಟ್ಟರು.

"ಹತ್ತು ಜನ ಸೇರಿದ ಕಡೆ ಹಾವು ಸಾಯಲ್ಲ" ಎಂದು ಮೇಷ್ಟ್ರು ಶುರು ಮಾಡಿದರು. "ಯಾಕೆ ಸಾಯಲ್ಲ? ಹತ್ತೂ ಜನ ಕೂಗ್ತಾರೆ, ಒಬ್ಬನೂ ಕೇಳಲ್ಲ. ಅದಕ್ಕೇ ಈ ಪಾಠ. ಅಪಘಾತದ ಜಾಗದಲ್ಲಿ ಯಜಮಾನ ಒಬ್ಬನೇ. ಮೊದಲು ಯಾರು ಅಲ್ಲಿಗೆ ಮುಟ್ಟಿದ್ರೋ ಅವರೇ ಯಜಮಾನರು. ಅವರಿಗಿಂತ ತಿಳಿದವರು ಬಂದಾಗ ಇದ್ದದ್ದನ್ನ ಇದ್ದ ಹಾಗೆ ಹೇಳಿ ಹೊಣೆ ದಾಟಿಸ್ಬೇಕು. ಅಲ್ಲಿವರೆಗೂ ಬಿಟ್ಟು ಓಡೋ ಹಾಗಿಲ್ಲ."

ಒಬ್ಬ ಟ್ರಾಫಿಕ್ ಪೊಲೀಸ್ ಎದ್ದು ನಿಂತ. "ಮೊದಲು ಬಂದವನು ಬೀದಿ ಗುಡಿಸೋನಾದ್ರೆ ಸಾರ್?"

"ಅವನೇ ಯಜಮಾನ. ನೀವು ಅವನು ಹೇಳಿದ ಕಡೆ ಹೋಗಿ ಸೀಟಿ ಊದಬೇಕು."

ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು.

ಎರಡನೇ ದಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬೀದಿ, ಕಾರ್ಖಾನೆ, ತೊಟ್ಟಿ ಎಲ್ಲ ಬರೆದು ಅಣಕು ಕಾರ್ಯಾಚರಣೆ ಮಾಡಿಸಿದರು. ಬೆಂಕಿಪೊಟ್ಟಣಗಳೇ ಗಾಡಿಗಳು. ಯಜಮಾನನಿಗೆ ಒಂದು ಬಿಳಿಯ ತೋಳಿಲ್ಲದ ಅಂಗಿ, ವರದಿ ಬರೆಯುವವನಿಗೆ ಹಸಿರು, ಜನರ ಸುರಕ್ಷತೆ ನೋಡಿಕೊಳ್ಳುವವನಿಗೆ ಕೆಂಪು. ಬಿಳಿ ಅಂಗಿ ಯಾರೂ ತೊಡಲು ಒಪ್ಪದೆ, ಕೈಯಿಂದ ಕೈಗೆ ದಾಟಿ, ಕೊನೆಗೆ ಅಕ್ಕನ ಮೈಮೇಲೆ ಬಂತು. ಹೊಲಿಗೆ ಬಿಟ್ಟಿದೆಯಲ್ಲ ಎಂದು ಅವಳು ಮೊದಲು ನೋಡಿದ್ದು ಅದನ್ನೇ; ದರ್ಜಿಯ ಹೆಂಡತಿ.

ತೊಟ್ಟಿಯೊಳಗೆ ಒಬ್ಬ ಬಿದ್ದಿದ್ದಾನೆ ಎಂದರು ಮೇಷ್ಟ್ರು. ಅಕ್ಕ ಇಬ್ಬರನ್ನು ಇಳಿಸಿದಳು. ಅವರೂ ಬಿದ್ದರು ಎಂದರು. ಗಾಬರಿಯಾಗಿ ಇನ್ನೂ ಮೂವರನ್ನು ಇಳಿಸಿದಳು. ಮೇಷ್ಟ್ರು ಆರು ಬೆಂಕಿಕಡ್ಡಿಗಳನ್ನು ಸಾಲಾಗಿ ಜೋಡಿಸಿ, "ಆರು ಹೆಣ ತಾಯಿ" ಎಂದರು. ನಗುವಿನ ಗದ್ದಲ ಎದ್ದಿತು. ಮೇಷ್ಟ್ರು ನಗಲಿಲ್ಲ. ಕೆಮ್ಮು ಇಳಿಯುವವರೆಗೆ ಕಾದು ಹೇಳಿದರು:

"ನಾನು ಒಂದೇ ಬಾವಿಯಿಂದ ಐದು ಹೆಣ ಎತ್ತಿದ್ದೀನಿ. ಮೊದಲನೆಯವನು ಕೆಲಸಕ್ಕೆ ಇಳಿದವನು. ಉಳಿದ ನಾಲ್ಕು ಜನ ಒಳ್ಳೆಯವರು. ಓಡಿ ಹೋಗಿ ಕೈ ಕೊಡೋದನ್ನ ಯಾರಿಗೂ ಕಲಿಸಬೇಕಾಗಿಲ್ಲ. ನಿಲ್ಲೋದನ್ನ ಕಲಿಸಬೇಕು. ಅದು ಬಹಳ ಕಷ್ಟ."

ಮೂರನೇ ದಿನ ಪ್ರಮಾಣಪತ್ರ, ಚಹಾ, ಬಿಸ್ಕತ್ತು. ಪ್ರಮಾಣಪತ್ರವನ್ನು ಗಂಡ ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟ.

ಇದಾಗಿ ಹದಿನಾಲ್ಕು ತಿಂಗಳಿಗೆ, ಒಂದು ಮಂಗಳವಾರ, ದೊಡ್ಡ ಟ್ಯಾಂಕಿನ ಪಕ್ಕದ ವಾಲ್ವ್ ಗುಂಡಿಯನ್ನು ತೆರೆಯಬೇಕಾಯಿತು. ಹದಿನೈದು ಅಡಿ ಆಳದ, ಕಾಂಕ್ರೀಟ್ ಮುಚ್ಚಳದ ಗುಂಡಿ. ಮೂರು ವರ್ಷದಿಂದ ಯಾರೂ ತೆರೆದಿರಲಿಲ್ಲ. ಜೀಪಿನಲ್ಲಿ ಬಂದವರು ನಾಲ್ಕು ಜನ: ಅಕ್ಕ, ಮೈಕಟ್ಟಿಗೆ ತಕ್ಕಂತೆ ದೊಡ್ಡ ಫಿಟ್ಟರ್, ಸಣ್ಣ ಫಿಟ್ಟರ್ ಎಂದು ಕರೆಸಿಕೊಳ್ಳುತ್ತಿದ್ದ ಇಬ್ಬರು, ಮತ್ತು ಡ್ರೈವರ್. ಡ್ರೈವರನ ಒಡಹುಟ್ಟಿದ ಅಕ್ಕನನ್ನೇ ದೊಡ್ಡ ಫಿಟ್ಟರಿಗೆ ಮದುವೆ ಮಾಡಿಕೊಟ್ಟಿತ್ತು. ಭಾವನ ಊಟದ ಡಬ್ಬಿಯೂ ಮೈದುನನ ಊಟದ ಡಬ್ಬಿಯೂ ಒಂದೇ ಚೀಲದಲ್ಲಿ ಬರುತ್ತಿದ್ದವು.

ಗುಂಡಿಗೆ ಇಳಿಯುವ ಮೊದಲು ಒಂದು ಹಾಳೆ ತುಂಬಬೇಕು. ಅದರಲ್ಲಿ "ಗಾಳಿ ಪರೀಕ್ಷೆ ಆಗಿದೆ" ಎಂಬ ಒಂದು ಸಾಲು. ಗಾಳಿ ಪರೀಕ್ಷಿಸುವ ಯಂತ್ರ ಕೆಟ್ಟು ಒಂದೂವರೆ ವರ್ಷವಾಗಿತ್ತು. ಹೊಸದು ಬೇಕೆಂದು ಅಕ್ಕ ಮೂರು ಪತ್ರ ಬರೆದಿದ್ದಳು. ನಾಲ್ಕನೆಯದು ಬರೆಯಲು ಸಾಕಾಗಿ ಬಿಟ್ಟಿದ್ದಳು. ಅವತ್ತು ಮರದ ನೆರಳಲ್ಲಿ ನಿಂತು, ಯಾವುದೋ ಬೀದಿಯವರ ಫೋನಿಗೆ ಉತ್ತರ ಹೇಳುತ್ತ, ಎಂದಿನಂತೆ ಆ ಸಾಲಿನ ಎದುರು ಗುರುತು ಹಾಕಿ ಸಹಿ ಮಾಡಿದಳು. ಯಂತ್ರ ಸರಿಯಿದ್ದ ಕಾಲದಲ್ಲೂ ಅವಳಿಗಿಂತ ಮೊದಲಿದ್ದವರು ಹಾಗೆಯೇ ಮಾಡಿದ್ದರು.

ದೊಡ್ಡ ಫಿಟ್ಟರ್ ಅಲ್ಯುಮಿನಿಯಂ ಏಣಿ ಇಳಿಸಿ ಕೆಳಗೆ ಹೋದ. "ತುಕ್ಕು ಹಿಡಿದು ಹಾಳಾಗಿದೆ" ಎಂದು ಅವನು ಒಂದು ಸಲ ಕೂಗಿದ್ದು ಕೇಳಿಸಿತು. ಆಮೇಲೆ ಸದ್ದಿಲ್ಲ. ಸಣ್ಣ ಫಿಟ್ಟರ್ ಬಗ್ಗಿ ನೋಡಿದ, "ಏನಣ್ಣಾ?" ಎಂದ, ಯಾರನ್ನೂ ಕೇಳದೆ ಇಳಿದ. ಅರ್ಧ ಏಣಿಯಲ್ಲಿ ಅವನ ಕೈ ಬಿಟ್ಟಿತು. ಬಿದ್ದ ಸದ್ದಿಗೆ ಅಕ್ಕ ಫೋನು ಹಿಡಿದುಕೊಂಡೇ ಓಡಿ ಬಂದಳು. ಅಷ್ಟರಲ್ಲಿ ಡ್ರೈವರ್ ಚಪ್ಪಲಿ ಕಳಚಿ ಏಣಿಯ ಮೇಲೆ ಒಂದು ಕಾಲು ಇಟ್ಟಿದ್ದ.

ಅಕ್ಕ ಅವನ ಅಂಗಿಯ ಕೊರಳಪಟ್ಟಿ ಹಿಡಿದು ಹಿಂದಕ್ಕೆ ಎಳೆದಳು. ಅವನು ಹುಲ್ಲಿನ ಮೇಲೆ ಬಿದ್ದ. ಪಂಪ್ ಮನೆಯಿಂದ ಓಡಿ ಬಂದ ಆಪರೇಟರಿಗೆ, "ಏಣಿ ಮೇಲಕ್ಕೆ ಎಳೀರಿ" ಎಂದಳು.

"ಏಣೀನಾ? ಅಕ್ಕ, ಅವರು ಹತ್ತಿ ಬರೋದು ಹೇಗೆ?"

"ಹತ್ತೋ ಸ್ಥಿತೀಲಿಲ್ಲ ಅವರು. ಎಳೀರಿ ಅಂದೆ."

ಇಬ್ಬರೂ ಎಳೆದರು. ಏಣಿಯನ್ನು ಹುಲ್ಲಿನ ಮೇಲೆ ಹಾಕಿ ಅಕ್ಕ ಅದರ ಮೇಲೆಯೇ ಕೂತಳು. ಡ್ರೈವರ್ ಎದ್ದು ಬಂದ. ಅವಳ ಭುಜ ಹಿಡಿದು ಜಗ್ಗಿದ, ಕೆನ್ನೆಗೆ ಹೊಡೆದ, ಆಮೇಲೆ ಕಾಲಿಗೆ ಬಿದ್ದ.

"ಉಸಿರು ಕಟ್ಕೊಂಡು ಹೋಗಿ ಬರ್ತೀನಿ ಅಕ್ಕ. ಹತ್ತೇ ಮೆಟ್ಟಿಲು. ನನ್ನ ಅಕ್ಕನ ಗಂಡ ಕಣಕ್ಕ ಅವನು."

"ಗೊತ್ತು ಕಣಪ್ಪ. ನೀನು ಇಳಿದ್ರೆ ನಿನ್ನ ಅಕ್ಕನಿಗೆ ತಮ್ಮನೂ ಇರಲ್ಲ."

ಕೂತಲ್ಲಿಂದಲೇ ಅಗ್ನಿಶಾಮಕಕ್ಕೆ ಫೋನ್ ಮಾಡಿದಳು. ಎಲ್ಲಿ, ಏನು, ಎಷ್ಟು ಜನ, ಎಷ್ಟು ಆಳ, ಯಾವ ದಾರಿಯಲ್ಲಿ ಬರಬೇಕು. ಮಾತುಗಳು ಒಂದರ ಹಿಂದೆ ಒಂದು ಬಂದವು. ಮೋಟಾರು ಒಣಗಿಸಲು ಪಂಪ್ ಮನೆಯಲ್ಲಿ ಇಟ್ಟಿದ್ದ ಗಾಳಿ ಊದುವ ಯಂತ್ರವನ್ನು ತರಿಸಿದಳು. ಅದರ ದಪ್ಪ ಬಟ್ಟೆಯ ಕೊಳವೆಯನ್ನು ಹಗ್ಗ ಕಟ್ಟಿ ಗುಂಡಿಗೆ ಇಳಿಸಿದರು. ನೋಡಲು ನೆರೆದವರಲ್ಲಿ ಇಬ್ಬರನ್ನು ಆರಿಸಿ ತಿರುವಿನಲ್ಲಿ ಲಾರಿ ನಿಲ್ಲಿಸಲು ಕಳಿಸಿದಳು. ಡ್ರೈವರಿಗೂ ಕೆಲಸ ಕೊಟ್ಟಳು. "ಮುಖ್ಯ ರಸ್ತೆಗೆ ಹೋಗಿ ನಿಂತ್ಕೋ, ಗಾಡಿ ಬಂದ ತಕ್ಷಣ ಮುಂದೆ ಓಡಿ ದಾರಿ ತೋರ್ಸು" ಎಂದಳು. ಅವನು ಅಳುತ್ತಲೇ ಓಡಿದ. ನಡುನಡುವೆ ಗುಂಡಿಯ ಬಾಯಿಗೆ ತಿರುಗಿ ಇಬ್ಬರನ್ನೂ ಹೆಸರು ಹಿಡಿದು ಕೂಗಿದಳು. ಉತ್ತರವಿಲ್ಲ.

ಹತ್ತೊಂಬತ್ತು ನಿಮಿಷಕ್ಕೆ ಗಾಡಿ ಬಂತು. ಅಕ್ಕ ಎದ್ದು ನಿಂತು ಮುಂದೆ ಬಂದ ಅಧಿಕಾರಿಗೆ ಹೇಳಿದಳು: "ಇಬ್ಬರು ಕೆಳಗಿದ್ದಾರೆ. ಹದಿನೈದು ಅಡಿ. ಹನ್ನೊಂದೂ ಐದಕ್ಕೆ ಒಬ್ಬರು ಬಿದ್ದಿದ್ದು, ಎರಡು ನಿಮಿಷಕ್ಕೆ ಇನ್ನೊಬ್ಬರು. ಹನ್ನೊಂದೂ ಹದಿನಾಲ್ಕರಿಂದ ಗಾಳಿ ಬಿಡ್ತಾ ಇದ್ದೀವಿ. ಬೇರೆ ಯಾರೂ ಇಳಿದಿಲ್ಲ. ಇನ್ನು ಇದು ನಿಮ್ಮ ಹೊಣೆ." ಇಷ್ಟು ಹೇಳಿ ಪಕ್ಕಕ್ಕೆ ಸರಿದಳು. ರಸ್ತೆಯ ಅಂಚಿನಲ್ಲಿ ಕೂತಳು.

ಮುಖವಾಡ ಹಾಕಿಕೊಂಡವರು ಹಗ್ಗ ಬಿಟ್ಟು ಇಳಿದರು. ಕೊಳವೆಯ ಬಾಯಿಯ ಹತ್ತಿರವೇ ಬಿದ್ದಿದ್ದ ಸಣ್ಣ ಫಿಟ್ಟರ್ ಮೊದಲು ಮೇಲೆ ಬಂದ, ಉಸಿರಿತ್ತು. ದೊಡ್ಡ ಫಿಟ್ಟರಿಗೆ ಇರಲಿಲ್ಲ.

ಮರುದಿನ ಅಕ್ಕ ಸತ್ತವನ ಮನೆಗೆ ಹೋದಳು. ಅಂಗಳ ತುಂಬ ಜನ. ಡ್ರೈವರ್ ಬಾಗಿಲಲ್ಲಿ ನಿಂತಿದ್ದ. "ಬಂದ್ಲು ನೋಡಿ, ಏಣಿ ಎತ್ತಿದವಳು" ಎಂದ. ಜನ ದಾರಿ ಬಿಟ್ಟರು, ಮರ್ಯಾದೆಗಲ್ಲ. ಒಳಗೆ ಗೋಡೆಗೊರಗಿ ಕೂತಿದ್ದ ಹೆಂಡತಿ ತಲೆಯೆತ್ತಿ ಅವಳನ್ನು ನೋಡಿ ಮತ್ತೆ ತಲೆ ತಗ್ಗಿಸಿದಳು. ಅಕ್ಕ ಹೊಸ್ತಿಲಿನಿಂದಲೇ ಕೈ ಮುಗಿದು ಹಿಂದಿರುಗಿದಳು.

ಹೆಸರು ಅಂಟಿಕೊಂಡಿತು. ನಲ್ಲಿ ರಿಪೇರಿಗೆ ಹೋದ ಕಡೆ ಹೆಂಗಸರು ಕಿವಿ ಕಚ್ಚುತ್ತಿದ್ದರು. ಅಂಗಿ ಹೊಲಿಯಲು ಕೊಡಲು ಬಂದವರು ಕೂಡ ಅಳತೆ ಕೊಡುವ ಮೊದಲು, "ಅದೇ ಮನೆ ಅಲ್ವಾ ಇದು?" ಎನ್ನುತ್ತಿದ್ದರು. ಅತ್ತೆಗೆ ಎಲ್ಲ ಕೇಳಿಸುತ್ತಿರಲಿಲ್ಲ, ಆದರೆ ವಿಷಯ ಮುಟ್ಟಿತ್ತು.

"ಜನರ ಬಾಯಿಗೆ ಬಟ್ಟೆ ಕಟ್ಟೋಕಾಗುತ್ತಾ ಹುಡುಗೀ? ನಿನ್ನ ಗಂಡನ ಅಂಗಡೀಲಿರೋ ಬಟ್ಟೆಯೆಲ್ಲ ತಂದ್ರೂ ಸಾಲಲ್ಲ. ಬಾ, ಎರಡು ತುತ್ತು ತಿನ್ನು."

ಜನ ಆಡಿಕೊಂಡಿದ್ದಕ್ಕಿಂತ ಹೆಚ್ಚಾಗಿ ಅಕ್ಕನನ್ನು ಕೊರೆಯುತ್ತಿದ್ದದ್ದು ಆ ಸಹಿ. ಏಣಿಯ ವಿಷಯ ಅವಳನ್ನು ಕೇಳಿದವರು ನೂರು ಜನ. ಹಾಳೆಯ ವಿಷಯ ಒಬ್ಬರೂ ಕೇಳಿರಲಿಲ್ಲ.

ವಿಚಾರಣೆಗೆ ಎರಡು ದಿನ ಇದೆಯೆನ್ನುವಾಗ ಎಂಜಿನಿಯರ್ ಅವಳನ್ನು ಕರೆದು ಬಾಗಿಲು ಮುಚ್ಚಿದರು. "ನೋಡಿ ಅಕ್ಕ, ನೀವು ಸಹಿ ಹಾಕೋಕೆ ಮುಂಚೇನೇ ಅವನು ಇಳಿದುಬಿಟ್ಟ ಅನ್ನಿ. ಹೇಳದೆ ಕೇಳದೆ ಇಳಿದ ಅನ್ನಿ. ಸತ್ತವನೇನು ಎದ್ದು ಬಂದು ಇಲ್ಲ ಅಂತಾನಾ? ನೀವೂ ಉಳೀತೀರಿ, ನಾನೂ ಉಳೀತೀನಿ."

"ತಪ್ಪು ಅವನದೇ ಅಂತಾದ್ರೆ ಅವನ ಹೆಂಡತಿಗೆ ಅನುಕಂಪದ ಕೆಲಸ ಸಿಗಲ್ಲ ಅಲ್ವಾ ಸಾರ್?"

ಎಂಜಿನಿಯರ್ ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. "ಅದನ್ನ ಆಮೇಲೆ ನೋಡೋಣ" ಎಂದರು.

ಮನೆಯಲ್ಲಿ ಗಂಡ ಅಂಗಿಗೆ ಗುಂಡಿ ಹೊಲಿಯುತ್ತ ಎಲ್ಲ ಕೇಳಿಸಿಕೊಂಡ. ಹಲ್ಲಿನಿಂದ ದಾರ ಕತ್ತರಿಸಿ ಕೇಳಿದ, "ಸುಳ್ಳು ಹೇಳಿ ಬಂದ್ರೆ ನಿನಗೆ ನಿದ್ದೆ ಬರುತ್ತಾ ಇವಳೇ?"

"ನಿಜ ಹೇಳಿದ್ರೂ ಬರಲ್ಲ ಬಿಡಿ."

"ಹಾಗಾದ್ರೆ ಯಾವುದು ಸುಲಭವೋ ಅದು ಮಾಡು."

ನಿಜವೇ ಸುಲಭ ಎನಿಸಿತು ಅವಳಿಗೆ. ಸುಳ್ಳನ್ನು ನೆನಪಿಟ್ಟುಕೊಳ್ಳುವಷ್ಟು ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

ವಿಚಾರಣೆಯ ಕೋಣೆಯಲ್ಲಿ ಉದ್ದನೆಯ ಮೇಜಿನ ಆಚೆ ಮೂವರು ಅಧಿಕಾರಿಗಳು. ನಡುವಿನವರು ಕೇಳಿದ ಮೊದಲ ಪ್ರಶ್ನೆಯೇ, "ಏಣಿ ತೆಗೀರಿ ಅಂತ ಹೇಳೋ ಅಧಿಕಾರ ನಿಮಗೆ ಯಾರು ಕೊಟ್ಟರು?"

"ಅಧಿಕಾರ ಗೊತ್ತಿಲ್ಲ ಸಾರ್. ಮೊದಲು ಅಲ್ಲಿದ್ದಿದ್ದು ನಾನು. ಆದ್ರೆ ನೀವು ಕೇಳಬೇಕಾದ್ದು ಅದಕ್ಕಿಂತ ಹಿಂದಿನದು." ಅವಳು ಹಾಳೆಯ ಕಡೆ ಬೆರಳು ತೋರಿಸಿದಳು. "ಗಾಳಿ ಪರೀಕ್ಷೆ ಆಗಿರ್ಲಿಲ್ಲ. ಆಗಿದೆ ಅಂತ ಸಹಿ ಹಾಕ್ದೆ. ಯಂತ್ರ ಕೆಟ್ಟಿತ್ತು, ಮೂರು ಪತ್ರ ಬರೆದಿದ್ದೀನಿ, ಅವು ಕಡತದಲ್ಲಿವೆ. ಆದ್ರೆ ಸಹಿ ನಂದೇ. ಅವರು ನನ್ನ ಸಹಿ ನಂಬಿ ಇಳಿದ್ರು. ಅವರದೇನೂ ತಪ್ಪಿಲ್ಲ."

ಹಿಂದೆ ಕೂತಿದ್ದ ಎಂಜಿನಿಯರ್ ಕರವಸ್ತ್ರ ತೆಗೆದರು.

ಸಾಕ್ಷಿ ಹೇಳಲು ಕೆಮ್ಮು ಮೇಷ್ಟ್ರೂ ಬಂದಿದ್ದರು. ಮುಚ್ಚಿದ ಗುಂಡಿಯಲ್ಲಿ ಕಬ್ಬಿಣ ತುಕ್ಕು ಹಿಡಿಯುತ್ತ ಹಿಡಿಯುತ್ತ ಗಾಳಿಯಲ್ಲಿನ ಪ್ರಾಣವಾಯುವನ್ನೆಲ್ಲ ತಿಂದುಬಿಡುತ್ತದೆ, ವಾಸನೆಯಿಲ್ಲ, ಹೊಗೆಯಿಲ್ಲ, ಇಳಿದವನಿಗೆ ತಿಳಿಯುವುದರೊಳಗೆ ಕೈಕಾಲು ಸೋಲುತ್ತವೆ ಎಂದು ವಿವರಿಸಿದರು. ಉಸಿರು ಕಟ್ಟಿಕೊಂಡು ಹೋದವನು ಭಾರ ಎತ್ತಲಾರ, ಉಸಿರು ಬಿಡಲೇಬೇಕಾಗುತ್ತದೆ ಎಂದರು. ಅಕ್ಕ ಮಾಡಿದ್ದು ಸರಿಯೋ ತಪ್ಪೋ ಎಂದು ಕೇಳಿದಾಗ ಅವರಿಗೆ ಕೆಮ್ಮು ಬಂತು.

"ಇಳಿಸೋ ಮೊದಲು ಮಾಡಿದ್ದು ತಪ್ಪು. ಬಿದ್ದ ಮೇಲೆ ಮಾಡಿದ್ದು ಸರಿ. ಒಂದನ್ನ ತೋರಿಸಿ ಇನ್ನೊಂದನ್ನ ಅಳಿಸಬೇಡಿ" ಎಂದರು.

ಅವರು ತನ್ನ ಪರವಾಗಿ ಇನ್ನೊಂದು ಮಾತು ಹೇಳಬಹುದಿತ್ತು ಎಂದು ಅಕ್ಕನಿಗೆ ಆ ಗಳಿಗೆ ಅನ್ನಿಸಿತು. ಮೆಟ್ಟಿಲಿಳಿಯುವ ಹೊತ್ತಿಗೆ ಹಾಗೆ ಅನ್ನಿಸಲಿಲ್ಲ.

ತೀರ್ಪು ಬರಲು ನಾಲ್ಕು ತಿಂಗಳು ಹಿಡಿಯಿತು. ಅಕ್ಕನ ಬಡ್ತಿ ತಡೆದರು, ಮೇಲ್ವಿಚಾರಣೆಯಿಂದ ಬಿಡಿಸಿ ಉಗ್ರಾಣಕ್ಕೆ ಹಾಕಿದರು. ಎಂಜಿನಿಯರಿಗೆ ಎಚ್ಚರಿಕೆಯ ಪತ್ರ ಬಂತು. ಎಲ್ಲ ವಿಭಾಗಕ್ಕೂ ಹೊಸ ಗಾಳಿ ಪರೀಕ್ಷಾ ಯಂತ್ರಗಳು ಬಂದವು. ಅವು ಇರುವುದು ಅಕ್ಕನ ಉಗ್ರಾಣದಲ್ಲೇ. ತೆಗೆದುಕೊಳ್ಳಲು ಬಂದವನು ಅವಳೆದುರು ಒಮ್ಮೆ ಚಾಲೂ ಮಾಡಿ ತೋರಿಸದೆ ಒಯ್ಯುವಂತಿಲ್ಲ. "ಅಕ್ಕ, ಲೇಟಾಗುತ್ತೆ" ಎಂದು ಗೊಣಗುತ್ತಾರೆ. "ಆಗ್ಲಿ" ಎನ್ನುತ್ತಾಳೆ. ಉಗ್ರಾಣದಲ್ಲಿ ಕುರ್ಚಿ ಇದೆ. ಕಾಲಿನ ಊತ ಮಾತ್ರ ಇಳಿಯಲಿಲ್ಲ.

ಸಣ್ಣ ಫಿಟ್ಟರ್ ಮೂರು ತಿಂಗಳ ಮೇಲೆ ಕೆಲಸಕ್ಕೆ ಬಂದ. ಕೈ ನಡುಗುತ್ತದೆ, ಬೋಲ್ಟು ತಿರುಗಿಸುವ ಪಾನಾ ಹಿಡಿಯಲಾಗುವುದಿಲ್ಲ. ಗೇಟಿನ ಕಾವಲಿಗೆ ಹಾಕಿದ್ದಾರೆ. ಆ ದಿನದ್ದೇನೂ ಅವನಿಗೆ ನೆನಪಿಲ್ಲ. ತಿಂಗಳಿಗೊಮ್ಮೆಯಾದರೂ ಉಗ್ರಾಣದ ಬಾಗಿಲಿಗೆ ಬಂದು ಕೇಳುತ್ತಾನೆ:

"ಅಕ್ಕ, ಅವತ್ತು ನಾನ್ಯಾಕೆ ಇಳಿದೆ?"

"ಅಣ್ಣನ್ನ ಎತ್ತೋಕೆ ಕಣೋ."

"ಹೌದಾ" ಎನ್ನುತ್ತಾನೆ, ಹೊಸ ಸಮಾಚಾರ ಕೇಳಿದವನಂತೆ. ಮುಂದಿನ ತಿಂಗಳು ಮತ್ತೆ ಬರುತ್ತಾನೆ. ಅವಳು ಪ್ರತಿ ಸಲವೂ ಅದೇ ಉತ್ತರ ಕೊಡುತ್ತಾಳೆ.

ಮೇಷ್ಟ್ರು ಹೇಳಿಕಳಿಸಿದರು, ಒಮ್ಮೆ ಬಂದು ತರಗತಿಯಲ್ಲಿ ಮಾತಾಡಿ ಎಂದು. ಎರಡು ಸಲ ಆಗಲ್ಲ ಎಂದಳು. ಮೂರನೇ ಸಲ, ಇಲ್ಲ ಎನ್ನಲು ಕಾರಣ ಹುಡುಕುವುದೇ ದಣಿವಾಗಿ, ಹೋದಳು. ಮುಂದೆ ನಿಂತು ಸಹಿಯಿಂದಲೇ ಶುರು ಮಾಡಿದಳು. ನಿಂತೇ ಮಾತಾಡಿದ್ದರಿಂದ ಹದಿನೈದು ನಿಮಿಷಕ್ಕೆ ಮುಗಿಸಿದಳು. ಲೈನ್‌ಮನ್ ಒಬ್ಬ ಎದ್ದು, "ಅವರನ್ನೂ ಉಳಿಸಬಹುದಿತ್ತು ಅಂತ ಅನ್ನಿಸಲ್ವಾ ಮೇಡಂ?" ಎಂದು ಕೇಳಿದ.

"ದಿನಾ ಅನ್ನಿಸುತ್ತೆ" ಎಂದಳು. ಈಗ ಪ್ರತಿ ತರಗತಿಗೂ ಅವಳನ್ನು ಕರೆಯುತ್ತಾರೆ. ಹೋಗುತ್ತಾಳೆ.

ಸತ್ತವನ ಹೆಂಡತಿಗೆ ಅದೇ ಕಟ್ಟಡದಲ್ಲಿ, ದೂರು ಬರೆದುಕೊಳ್ಳುವ ಕಿಂಡಿಯಲ್ಲಿ ಕೆಲಸ ಸಿಕ್ಕಿತ್ತು. ಒಂದು ವರ್ಷ ಇಬ್ಬರೂ ಒಂದೇ ಮೆಟ್ಟಿಲು ಹತ್ತಿದರು, ಇಳಿದರು. ಮಾತಿಲ್ಲ. ಎದುರಾದರೆ ಅವಳು ಗೋಡೆಯ ಕಡೆ ನೋಡುತ್ತಿದ್ದಳು. ಅಕ್ಕ ನಿಂತು ದಾರಿ ಬಿಡುತ್ತಿದ್ದಳು.

ಒಂದು ಮಧ್ಯಾಹ್ನ ಊಟದ ಹೊತ್ತು ಮುಗಿದ ಮೇಲೆ ಸತ್ತವನ ಹೆಂಡತಿ ಉಗ್ರಾಣಕ್ಕೆ ಬಂದಳು. ಕೈಯಲ್ಲಿ ಚೀಟಿ: ಎರಡು ದೂರು ಪುಸ್ತಕ, ಒಂದು ಡಬ್ಬಿ ಗುಂಡುಪಿನ್ನು. ಅಕ್ಕ ಎದ್ದು ಪುಸ್ತಕ ತೆಗೆದು ಧೂಳು ಕೊಡವಿ ಮೇಜಿನ ಮೇಲಿಟ್ಟಳು. ಅವಳು ಪುಸ್ತಕ ಎತ್ತಿಕೊಳ್ಳಲಿಲ್ಲ.

"ಅವರು ಕೆಳಗಿಂದ ಏನಾದ್ರೂ ಅಂದ್ರಾ?"

ಅಕ್ಕನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. "ಮೊದಲು ತುಕ್ಕು ಹಿಡಿದಿದೆ ಅಂದ್ರು. ಆಮೇಲೆ ಇಲ್ಲ. ನಾನು ಕೂಗ್ತಾನೇ ಇದ್ದೆ. ಹೆಸರು ಹಿಡಿದು ಕೂಗಿದೆ. ಉತ್ತರ ಬರ್ಲಿಲ್ಲ."

"ಕರೀಲಿಲ್ವಾ? ಯಾರನ್ನೂ ಕರೀಲಿಲ್ವಾ?"

"ಇಲ್ಲಮ್ಮ. ಕರೆದಿದ್ರೆ ಹೇಳ್ತಿದ್ದೆ."

ಅವಳು ತಲೆಯಾಡಿಸಿದಳು. ಕಣ್ಣು ಒರೆಸಿಕೊಳ್ಳಲಿಲ್ಲ, ಅಳುತ್ತಲೂ ಇರಲಿಲ್ಲ. "ನನ್ನ ತಮ್ಮ ಹೇಳ್ತಾನೆ, ಅವರು ಕರೀತಾ ಇದ್ರು, ನೀವು ಕೇಳಿಸ್ಕೊಂಡೂ ಸುಮ್ನಿದ್ರಿ ಅಂತ. ಅದೊಂದನ್ನ ಕೇಳೋಣ ಅಂತ ಬಂದೆ." ಪುಸ್ತಕಗಳ ಕಡೆ ಕೈ ಚಾಚಿ, "ಅವನಿಗೆ ಹಾಗೆ ಕೇಳಿಸಿರ್ಬೇಕು" ಎಂದಳು.

ಪುಸ್ತಕಗಳನ್ನು ಎದೆಗವುಚಿಕೊಂಡು ಹೊರಟಳು. ಗುಂಡುಪಿನ್ನಿನ ಡಬ್ಬಿ ಮರೆತು, ಬಾಗಿಲವರೆಗೆ ಹೋದವಳು ಮರಳಿ ಬಂದು ತೆಗೆದುಕೊಂಡಳು.

ಅವರಿಬ್ಬರೂ ಸ್ನೇಹಿತೆಯರಾದರು ಎಂದು ಹೇಳಿದರೆ ಸುಳ್ಳಾಗುತ್ತದೆ. ಡ್ರೈವರ್ ಇಂದಿಗೂ ಅಕ್ಕನೊಡನೆ ಮಾತಾಡುವುದಿಲ್ಲ. ಆದರೆ ಈಗ ಮೆಟ್ಟಿಲಿನಲ್ಲಿ ಎದುರಾದಾಗ ಆ ಹೆಂಗಸು ಗೋಡೆಯ ಕಡೆ ನೋಡುವುದಿಲ್ಲ. "ಊಟ ಆಯ್ತಾ?" ಎನ್ನುತ್ತಾಳೆ. ಅಕ್ಕ, ಆಗಿರಲಿ ಬಿಡಲಿ, "ಆಯ್ತಮ್ಮ" ಎನ್ನುತ್ತಾಳೆ.